ಮಕ್ಕಳು ಮರಿ ಕಟ್ಟಿಕೊಂಡು ಶಿವಮೊಗ್ಗಕ್ಕೆ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ರಜೆ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಬೆಂಗಳೂರಿನ ಭಾವ, ದಾವಣಗೆರೆಯ ಚಿಕ್ಕಮ್ಮನ ಮಗಳು, ನಮ್ಮ ಮನೆಯವರ ಆಫೀಸಿನವರು, ಅವರ ಗೆಳೆಯರು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಗಳನ್ನ. ಒಂದು ಸಲ ಬರೆದಿಟ್ಟರೆ ಇದನ್ನೇ ಕಳಿಸಿಬಿಡಬಹುದು ಅಂತ ಕೂತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಒಂದು ಹಟ ಇದೆ. ನೋಡುವ ಜಾಗಗಳ ಪಟ್ಟಿ ಹಿಡಿದು ಓಡಬೇಡಿ. ತುಂಗಾ ಹೊಳೆ ಯಾವ ಹೊತ್ತಿಗೆ, ಯಾವ ತಿಂಗಳಲ್ಲಿ ಹೇಗಿರುತ್ತದೆ ಅಂತ ತಿಳಿದುಕೊಂಡು ದಿನ ಹೊಂದಿಸಿಕೊಳ್ಳಿ. ಕೆಳಗಿನ ಉತ್ತರಗಳೆಲ್ಲ ಆ ಲೆಕ್ಕದಲ್ಲೇ ಇವೆ.

ಎರಡು ದಿನ ಸಾಕಾ?

ಊರು ಮತ್ತು ಹೊಳೆಗೆ ಸಾಕು. ಜೋಗ, ಆಗುಂಬೆ ಎಲ್ಲ ಸೇರಿಸಿದರೆ ನಾಲ್ಕು ದಿನವೂ ಸಾಲದು. ನನ್ನ ಲೆಕ್ಕ ಇಷ್ಟೇ: ಬೆಳಿಗ್ಗೆ ಒಂದು ಜಾಗ, ಮಧ್ಯಾಹ್ನ ಊಟ ಮಾಡಿ ನಿದ್ದೆ, ಸಂಜೆ ಹೊಳೆ ದಂಡೆ. ಮಧ್ಯಾಹ್ನದ ನಿದ್ದೆ ಬಿಟ್ಟು ಇನ್ನೊಂದು ಜಾಗ ತುರುಕಲು ಹೋದವರ ಮಕ್ಕಳು ಸಂಜೆ ಆರಕ್ಕೆ ರಚ್ಚೆ ಹಿಡಿಯುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಯಾವ ತಿಂಗಳಲ್ಲಿ ಬಂದರೆ ಒಳ್ಳೆಯದು?

ಅಕ್ಟೋಬರ್‌ನಿಂದ ಜನವರಿ. ಹೊಳೆಯಲ್ಲಿ ನೀರಿರುತ್ತದೆ, ಕೆಂಪು ಹೋಗಿ ತಿಳಿಯಾಗಿರುತ್ತದೆ. ಗದ್ದೆ ಹಸಿರಾಗಿರುತ್ತದೆ. ಬೆಳಿಗ್ಗೆ ಒಂದು ಸ್ವೆಟರ್ ಬೇಕು.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಶಿವಮೊಗ್ಗ ಅಂದರೆ ಆಗುಂಬೆಯ ಹಾಗೆ ಹುಯ್ಯುತ್ತದೆ ಅಂದುಕೊಂಡು ಹೆದರುವವರಿದ್ದಾರೆ. ಆಗುಂಬೆಯ ಮಳೆಯಲ್ಲಿ ಕಾಲುಭಾಗವೂ ಊರೊಳಗೆ ಬೀಳುವುದಿಲ್ಲ. ಆದರೆ ಅಲ್ಲಿ ಮೇಲೆ ಶೃಂಗೇರಿ, ತೀರ್ಥಹಳ್ಳಿ ಕಡೆ ಬಿದ್ದ ಮಳೆ ಹೊಳೆಯಾಗಿ ನಮ್ಮೂರಿನ ಮೇಲೇ ಹೋಗಬೇಕಲ್ಲ! ಊರಲ್ಲಿ ಬಿಸಿಲು ಹೊಡೆಯುತ್ತಿರುವಾಗಲೂ ಹೊಳೆ ದಂಡೆ ಮುಟ್ಟಿಕೊಂಡು ಹರಿಯುವುದುಂಟು. ನೋಡುವುದಕ್ಕೆ ಮಳೆಗಾಲದಷ್ಟು ಚೆಂದ ಬೇರೆ ಇಲ್ಲ, ದೂರದಿಂದ ನೋಡಿದರೆ ಮಾತ್ರ.

ಮಾರ್ಚ್ ಕಳೆದ ಮೇಲೆ ಬರುವವರಿಗೆ ಒಂದು ಮಾತು. ‘ಮಲೆನಾಡಿನ ಹೆಬ್ಬಾಗಿಲು’ ಅನ್ನುವ ಹೆಸರು ನಂಬಿಕೊಂಡು ತಂಪು ಹುಡುಕಬೇಡಿ. ಹೆಬ್ಬಾಗಿಲಲ್ಲಿ ಸೆಕೆ ಜಾಸ್ತಿ. ಏಪ್ರಿಲ್‌ನಲ್ಲಿ ಗಾಜನೂರು ಡ್ಯಾಂನಿಂದ ಕೆಳಗೆ ಹೊಳೆಯಲ್ಲಿ ಬಂಡೆಗಳೇ ಕಾಣುತ್ತವೆ. ಬೇಸಿಗೆ ರಜೆಯಲ್ಲೇ ಬರಬೇಕು ಅಂದರೆ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಹನ್ನೊಂದಕ್ಕೆ ವಾಪಸ್ ಬರುವ ಹಾಗೆ ಇಟ್ಟುಕೊಳ್ಳಿ.

ಊರೊಳಗೆ ಹೊಳೆ ನೋಡುವುದಕ್ಕೆ ಎಲ್ಲಿ ಹೋಗಬೇಕು?

ಬೆಕ್ಕಿನ ಕಲ್ಮಠದ ಹತ್ತಿರದ ಸೇತುವೆ ಕಡೆ ಹೋಗಿ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಹೊಳೆಯ ಪಕ್ಕ ನಡೆಯುವ ದಾರಿ ಮಾಡಿದ್ದಾರೆ. ಸಂಜೆ ಐದರ ಮೇಲೆ ಗಾಳಿ ತಣ್ಣಗಿರುತ್ತದೆ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡು ಬರುವವರು, ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಧಾನ ನಡೆಯುವ ಅಜ್ಜಂದಿರು, ಫೋಟೊ ತೆಗೆಸಿಕೊಳ್ಳುವ ಕಾಲೇಜು ಹುಡುಗರು ಎಲ್ಲ ಸಿಗುತ್ತಾರೆ.

ಆದರೆ ಹಳೇ ಶಿವಮೊಗ್ಗದವರಿಗೆ ಹೊಳೆ ಅಂದರೆ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ. ಹೊಳೆಯೊಳಗೇ ನಿಂತಿರುವ ಕಲ್ಲಿನ ಮಂಟಪ ಅದು. ಡ್ಯಾಂ ಲೆಕ್ಕ, ಕ್ಯೂಸೆಕ್ ಲೆಕ್ಕ ಎಲ್ಲ ಪೇಪರಿನವರಿಗೆ. ನಮಗೆ ‘ಮಂಟಪ ಮುಳುಗಿತಾ?’ ಅನ್ನುವುದೇ ಲೆಕ್ಕ. ಜುಲೈನಲ್ಲಿ ಮಂಟಪ ಮುಳುಗಿತು ಅಂತ ಸುದ್ದಿ ಬಂದರೆ ಸಾಕು, ಕೊಡೆ ಹಿಡಿದುಕೊಂಡು ಅರ್ಧ ಊರೇ ಸೇತುವೆ ಮೇಲಿರುತ್ತದೆ. ಕೆಲವರು ಹೊಳೆಗೆ ಬಾಗಿನ ಬಿಡುತ್ತಾರೆ. ನಮ್ಮ ಮಾವ ಮನೆಯಿಂದ ಹೊರಗೆ ಹೋಗುವುದು ಕಡಿಮೆ, ಆದರೆ ಆ ದಿನ ಮಾತ್ರ ಶರ್ಟು ಹಾಕಿಕೊಂಡು ತಾವೇ ಮೊದಲು ಗೇಟಿನ ಹತ್ತಿರ ನಿಂತಿರುತ್ತಾರೆ. ಮಳೆಗಾಲದಲ್ಲಿ ಬಂದ ನೆಂಟರಿಗೆ ನಾನು ತೋರಿಸುವ ಮೊದಲ ಜಾಗ ಇದೇ. ಮಕ್ಕಳಿಗೆ ಮಂಟಪದ ಎಷ್ಟು ಭಾಗ ಕಾಣುತ್ತಿದೆ ಅಂತ ಚಿತ್ರ ಬರೆಯಲು ಹೇಳಿ. ಮಾರನೆಯ ದಿನ ಮತ್ತೆ ಹೋಗಿ ಹೋಲಿಸಿ ನೋಡುತ್ತಾರೆ.

ಮಕ್ಕಳನ್ನು ಹೊಳೆಗೆ ಇಳಿಸಬಹುದಾ?

ಬೇಡ. ಜೂನ್‌ನಿಂದ ಅಕ್ಟೋಬರ್‌ವರೆಗೆ ಪಾದ ತೋಯಿಸುವುದಕ್ಕೂ ಬೇಡ.

ಇದಕ್ಕೆ ಕಾರಣ ಹೇಳಬೇಕು, ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ. ಗಾಜನೂರಿನ ತುಂಗಾ ಜಲಾಶಯ ಬಹಳ ಚಿಕ್ಕದು, ಹಿಡಿಸುವುದು 3.24 ಟಿಎಂಸಿ ಮಾತ್ರ. ಹೋಲಿಸುವುದಾದರೆ ಪಕ್ಕದ ಭದ್ರಾ ಜಲಾಶಯ 71.5 ಟಿಎಂಸಿ. ಅದಕ್ಕೇ ಭದ್ರೆ ತುಂಬಲು ತಿಂಗಳುಗಟ್ಟಲೆ ಬೇಕು, ತುಂಗೆ ಮಳೆಗಾಲ ಶುರುವಾದ ಸ್ವಲ್ಪ ದಿನಕ್ಕೇ ತುಂಬಿ ಕೂರುತ್ತದೆ. ತುಂಬಿದ ಮೇಲೆ ಮೇಲಿನಿಂದ ಬಂದಷ್ಟು ನೀರನ್ನೂ ಗೇಟು ಎತ್ತಿ ಬಿಡಲೇಬೇಕು. ಬೆಳಿಗ್ಗೆ ಮೊಣಕಾಲು ಮಟ್ಟ ಇದ್ದ ಜಾಗ ಮಧ್ಯಾಹ್ನಕ್ಕೆ ಹಾಗೇ ಇರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಬೇಸಿಗೆಯಲ್ಲಿ ಬೇರೆ ತೊಂದರೆ. ನೀರು ಕಡಿಮೆ, ಸುಮ್ನೆ ಹರಿಯುತ್ತಿದೆ ಅನ್ನಿಸುತ್ತದೆ. ಆದರೆ ಮರಳು ತೆಗೆದ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ನಾಲ್ಕು ಹೆಜ್ಜೆ ಸೊಂಟಮಟ್ಟ, ಐದನೇ ಹೆಜ್ಜೆಗೆ ನೆಲವೇ ಇಲ್ಲ. ಪಾಚಿ ಹಿಡಿದ ಬಂಡೆಗಳು ಬೇರೆ. ಈಜು ಬರುವ ದೊಡ್ಡವರೂ ಇಂಥ ಗುಂಡಿಗಳಲ್ಲಿ ಹೋಗಿದ್ದಾರೆ.

ತುಂಗೆ, ಭದ್ರೆ ಸೇರುವ ಕೂಡ್ಲಿಯಲ್ಲಿ ಒಂದು ಸಲ ನಮ್ಮ ಅಣ್ಣನ ಮಗನ ಚಪ್ಪಲಿ ನೀರಿಗೆ ಬಿತ್ತು. ಅದರ ಹಿಂದೆಯೇ ಅವನು ಓಡಿದ. ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಮ್ಮ ಕೈಯಲ್ಲಿದ್ದ ಸೀರೆ ಬಿಟ್ಟು ಹುಡುಗನ ಅಂಗಿ ಹಿಡಿದರು. ನಾವು ಆರು ಜನ ದೊಡ್ಡವರು ಅಲ್ಲೇ ಇದ್ದೆವು, ಫೋಟೊ ತೆಗೆದುಕೊಳ್ಳುತ್ತಾ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದು ನಿಯಮ: ಹೊಳೆ ಹತ್ತಿರ ಹೋದರೆ ಒಬ್ಬೊಬ್ಬ ಮಗುವಿಗೆ ಒಬ್ಬೊಬ್ಬ ದೊಡ್ಡವರು, ಹೆಸರು ಹೇಳಿ ಒಪ್ಪಿಸಿಯೇ ಇಳಿಯುವುದು. ‘ಎಲ್ಲರೂ ನೋಡ್ಕೊಳ್ತಾರೆ’ ಅಂದರೆ ಯಾರೂ ನೋಡುವುದಿಲ್ಲ. ನೀರಿಗೆ ಬಿದ್ದ ಚಪ್ಪಲಿ, ಚೆಂಡು, ಟೋಪಿ ಹೊಳೆಯದ್ದು ಅಂತ ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತನ್ನಿ.

ಹೊಳೆ ನೀರು ಕುಡಿಯಬಹುದಾ? ‘ಗಂಗಾ ಸ್ನಾನ ತುಂಗಾ ಪಾನ’ ಅಂತಾರಲ್ಲ?

ಗಾದೆ ಮಾಡಿದ ಕಾಲದಲ್ಲಿ ಇಷ್ಟು ಊರುಗಳ ಚರಂಡಿ ಹೊಳೆಗೆ ಸೇರುತ್ತಿರಲಿಲ್ಲ. ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು ತನ್ನಿ.

ಸಕ್ರೆಬೈಲಿಗೆ ಎಷ್ಟು ಹೊತ್ತಿಗೆ ಹೋಗಬೇಕು?

ಎಂಟೂವರೆಗೆ ಗೇಟಿನ ಹತ್ತಿರ ಇರಿ. ಇದೊಂದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್. ಗಾಜನೂರು ಡ್ಯಾಂನ ಹಿನ್ನೀರಿನ ದಡದಲ್ಲಿರುವ ಅರಣ್ಯ ಇಲಾಖೆಯ ಆನೆ ಬಿಡಾರ. ಇಲ್ಲಿನ ಆನೆಗಳು ಮೃಗಾಲಯದ ಆನೆಗಳ ಹಾಗೆ ಇಡೀ ದಿನ ಕಟ್ಟಿಹಾಕಿಕೊಂಡು ಇರುವುದಿಲ್ಲ. ರಾತ್ರಿ ಕಾಡಲ್ಲಿ ಮೇಯುತ್ತವೆ. ಬೆಳಿಗ್ಗೆ ಮಾವುತರು, ಕಾವಾಡಿಗಳು ಹುಡುಕಿ ಕರೆತರುತ್ತಾರೆ. ಹಿನ್ನೀರಿನಲ್ಲಿ ಮಲಗಿಸಿ ಮೈ ಉಜ್ಜಿ ಸ್ನಾನ ಮಾಡಿಸಿ, ಭತ್ತ ಬೆಲ್ಲ ಹುಲ್ಲಿನಲ್ಲಿ ಸುತ್ತಿ ತಿನ್ನಿಸಿ, ಹನ್ನೊಂದರ ಹೊತ್ತಿಗೆ ವಾಪಸ್ ಕಾಡಿಗೆ ಬಿಡುತ್ತಾರೆ. ಅಲ್ಲಿಗೆ ಆಟ ಮುಗಿಯಿತು.

ಮೂರು ವರ್ಷದ ಹಿಂದೆ ಭಾವನ ಮನೆಯವರನ್ನು ಕರೆದುಕೊಂಡು ಹೋಗಿದ್ದೆವು. ದೋಸೆ ತಿಂದೇ ಹೋಗೋಣ ಅಂದರು. ಎರಡನೇ ಕಾಫಿಯೂ ಆಯಿತು. ತಲುಪಿದಾಗ ಹನ್ನೊಂದೂ ಕಾಲು. ಒದ್ದೆ ನೆಲ, ದೊಡ್ಡ ದೊಡ್ಡ ಹೆಜ್ಜೆ ಗುರುತು, ಲದ್ದಿ. ಆನೆ ಇಲ್ಲ. ಭಾವನ ಮಗಳು ಲದ್ದಿಯನ್ನೇ ನೋಡಿಕೊಂಡು ‘ಇದು ಬಿಸಿ ಇದೆ, ಈಗ ತಾನೇ ಹೋಗಿದೆ’ ಅಂದಳು. ಪತ್ತೇದಾರಿ ಸರಿ, ಆದರೆ ಆಮೇಲೆ ಊರು ಮುಟ್ಟುವ ತನಕ ಅತ್ತಳು. ಮಾರನೆಯ ದಿನ ಬರೀ ಹಾಲು ಕುಡಿದು ಏಳೂಮುಕ್ಕಾಲಿಗೆ ಹೊರಟೆವು.

ಆನೆಗೆ ಸ್ನಾನ ಮಾಡಿಸಲು ಬಿಡುತ್ತಾರಾ? ಬಾಳೆಹಣ್ಣು ತಂದು ಕೊಡಬಹುದಾ?

ಸ್ನಾನದ್ದು ಅಲ್ಲಿ ಕೌಂಟರಿನಲ್ಲೇ ಕೇಳಿ, ಆಯಾ ದಿನದ ನಿಯಮ ಅವರೇ ಹೇಳುತ್ತಾರೆ. ಬಾಳೆಹಣ್ಣು ನೀವಾಗೇ ಕೊಡಲು ಹೋಗಬೇಡಿ, ಮಾವುತರು ಹೇಳಿದರೆ ಮಾತ್ರ. ಮರಿಯಾನೆ ಮುದ್ದಾಗಿದೆ ಅಂತ ಹತ್ತಿರ ಹೋಗಬೇಡಿ, ಅದು ಆಟಕ್ಕೆ ತಳ್ಳಿದರೂ ನಮಗೆ ಮೂಳೆ ಮುರಿಯುತ್ತದೆ. ಆನೆಯ ಹಿಂದೆ ನಿಲ್ಲಬೇಡಿ, ಕಿರುಚಬೇಡಿ. ಫ್ಲಾಶ್ ಹಾಕಬೇಡಿ. ದಸರಾ ದಿನಗಳಲ್ಲಿ ಬಿಡಾರದ ಕೆಲವು ಆನೆಗಳು ಶಿವಮೊಗ್ಗದ ಜಂಬೂಸವಾರಿಗೆ ಬರುತ್ತವೆ. ಆಗ ಬೆಳಿಗ್ಗೆ ಬಿಡಾರದಲ್ಲಿ ಕಂಡ ಆನೆಯನ್ನೇ ಮಕ್ಕಳು ಆಮೇಲೆ ಅಂಬಾರಿ ಹೊತ್ತು ಬರುವಾಗ ಗುರುತು ಹಿಡಿದು ಕೂಗಿದ್ದೂ ಉಂಟು.

ಅದೇ ರಸ್ತೆಯಲ್ಲಿ ಇನ್ನೇನಿದೆ?

ಇದು ಕೇಳಬೇಕಾದ ಪ್ರಶ್ನೆ. ತೀರ್ಥಹಳ್ಳಿ ರಸ್ತೆ ಹೊಳೆಯ ಜೊತೆಜೊತೆಗೇ ಹೋಗುತ್ತದೆ. ಮೊದಲು ಗಾಜನೂರು ಡ್ಯಾಂ, 12 ಕಿಲೋಮೀಟರ್. ಗೇಟು ತೆಗೆದ ದಿನ ನೀರಿನ ಸದ್ದು ರಸ್ತೆಗೇ ಕೇಳುತ್ತದೆ. ಆಮೇಲೆ ಸಕ್ರೆಬೈಲು. ಅಲ್ಲಿಂದ ಮುಂದೆ ಕಾಡು, 30 ಕಿಲೋಮೀಟರಿಗೆ ಮಂಡಗದ್ದೆ.

ಮಂಡಗದ್ದೆಯನ್ನು ಪಕ್ಷಿಧಾಮ ಅಂತಾರೆ, ಆದರೆ ರಂಗನತಿಟ್ಟಿನಷ್ಟು ದೊಡ್ಡದು ಅಂದುಕೊಂಡು ಹೋಗಬೇಡಿ. ಹೊಳೆಯ ನಡುವೆ ಒಂದು ಪುಟ್ಟ ನಡುಗಡ್ಡೆ, ಒಂದೆಕರೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಆದರೆ ಜುಲೈನಿಂದ ಸೆಪ್ಟೆಂಬರ್‌ನಲ್ಲಿ ಆ ಒಂದೆಕರೆಯ ಮರಗಳ ಮೇಲೆ ಕೂರುವುದಕ್ಕೆ ಜಾಗ ಇಲ್ಲದಷ್ಟು ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಕೆಳಗೆ ಕೆಂಪು ನೀರು ಸುತ್ತಲೂ ನುಗ್ಗುತ್ತಿರುತ್ತದೆ, ಮೇಲೆ ಮರಿಗಳು ಬಾಯಿ ತೆರೆದು ಕೂಗುತ್ತಿರುತ್ತವೆ. ಸುತ್ತ ನೀರಿದ್ದರೆ ಹತ್ತಿ ಬಂದು ಮೊಟ್ಟೆ ಕದಿಯುವವರ ಕಾಟ ಇಲ್ಲ ಅಲ್ವಾ, ಅದಕ್ಕೇ ಈ ಜಾಗ. ದುರ್ಬೀನು ಇದ್ದರೆ ತನ್ನಿ. ಡಿಸೆಂಬರ್‌ನಲ್ಲಿ ಹೋಗಿ ‘ಏನೂ ಇಲ್ಲ’ ಅಂತ ಬೈದುಕೊಂಡು ಬಂದವರಿದ್ದಾರೆ. ಆಗ ಇರುವುದಿಲ್ಲ.

ಇನ್ನೂ ಮುಂದೆ 60 ಕಿಲೋಮೀಟರಿಗೆ ತೀರ್ಥಹಳ್ಳಿ. ಅಲ್ಲಿಂದ ಹತ್ತಿರದ ಚಿಬ್ಬಲಗುಡ್ಡೆಯಲ್ಲಿ ಸಿದ್ಧಿವಿನಾಯಕ ದೇವಸ್ಥಾನದ ಪಕ್ಕ ಹೊಳೆಯ ಮೀನು ಹಿಡಿಯುವ ಹಾಗಿಲ್ಲ, ಅದು ಮತ್ಸ್ಯಧಾಮ. ಮೊಳದುದ್ದದ ಮೀನುಗಳು ಗುಂಪುಗುಂಪಾಗಿ ದಡಕ್ಕೇ ಬರುತ್ತವೆ. ನನ್ನ ಮಗನಿಗೆ ಜೋಗಕ್ಕಿಂತ ಇದೇ ಇಷ್ಟ.

ಸಿಂಹಧಾಮ ಹೇಗಿದೆ?

ತ್ಯಾವರೆಕೊಪ್ಪದ ಹುಲಿ ಮತ್ತು ಸಿಂಹಧಾಮ ಸಾಗರ ರಸ್ತೆಯಲ್ಲಿದೆ, ಊರಿಂದ 10 ಕಿಲೋಮೀಟರ್. 1988ರಲ್ಲಿ ಶುರುವಾದದ್ದು. ಜಾಲರಿ ಹಾಕಿದ ಬಸ್ಸಿನಲ್ಲಿ ಕೂರಿಸಿ ಹುಲಿ, ಸಿಂಹ ಇರುವ ಕಾಡಿನೊಳಗೆ ಸುತ್ತಿಸುತ್ತಾರೆ. ಮಂಗಳವಾರ ರಜೆ. ಬೆಳಿಗ್ಗೆ ಬೇಗ ಹೋದರೆ ಪ್ರಾಣಿ ಎದ್ದು ಓಡಾಡುತ್ತಿರುತ್ತವೆ, ಮಧ್ಯಾಹ್ನ ಹೋದರೆ ಮಲಗಿದ ಸಿಂಹದ ಬೆನ್ನು ನೋಡಿ ಬರಬೇಕು. ಸಕ್ರೆಬೈಲು ಒಂದು ದಿನ, ಇದು ಇನ್ನೊಂದು ದಿನ. ಎರಡಕ್ಕೂ ಬೆಳಗೇ ಬೇಕು, ರಸ್ತೆಯೂ ಬೇರೆ ಬೇರೆ ದಿಕ್ಕು.

ಕೂಡ್ಲಿಗೆ ಹೋಗಬಹುದಾ? ಅಲ್ಲಿ ಮಕ್ಕಳಿಗೆ ಏನಿದೆ?

ಆಟದ ಸಾಮಾನು ಏನೂ ಇಲ್ಲ. ಭೂಗೋಳದ ಪಾಠ ಇದೆ. ಹೊಳೆಹೊನ್ನೂರು ಕಡೆ ಸುಮಾರು 16 ಕಿಲೋಮೀಟರ್ ಹೋದರೆ ತುಂಗೆ, ಭದ್ರೆ ಸೇರುವ ಜಾಗ. ಎರಡೂ ಹುಟ್ಟುವುದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ಒಂದೇ ಬೆಟ್ಟದ ಸಾಲು. ಒಂದು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಸುತ್ತಿಕೊಂಡು ಬರುತ್ತದೆ. ಇನ್ನೊಂದು ಬಾಳೆಹೊನ್ನೂರು, ಭದ್ರಾವತಿ ಕಡೆಯಿಂದ. ಇಲ್ಲಿ ಮತ್ತೆ ಭೇಟಿಯಾಗಿ ತುಂಗಭದ್ರೆ ಆಗಿ ಹಂಪಿಯ ಕಡೆ ಹೊರಡುತ್ತವೆ. ಬೆರಳಿಟ್ಟು ‘ಈ ಕಡೆ ತುಂಗಾ, ಆ ಕಡೆ ಭದ್ರಾ, ಇಲ್ಲಿಂದ ತುಂಗಭದ್ರಾ’ ಅಂತ ತೋರಿಸಬಹುದು. ಅದನ್ನು ಒಮ್ಮೆ ಕಣ್ಣಲ್ಲಿ ಕಂಡ ಮಗುವಿಗೆ ನಕ್ಷೆ ಬಾಯಿಪಾಠ ಮಾಡಿಸಬೇಕಿಲ್ಲ.

ಸಂಗಮೇಶ್ವರ, ರಾಮೇಶ್ವರ ಅಂತ ಹಳೆಯ ಕಲ್ಲಿನ ದೇವಸ್ಥಾನಗಳಿವೆ, ಮಠ ಇದೆ. ಜನಸಂದಣಿ ಇಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ ಮರದ ನೆರಳಲ್ಲಿ ಕೂತು ತಿಂದು ಬರಲು ಇಷ್ಟು ಒಳ್ಳೆಯ ಜಾಗ ಹತ್ತಿರದಲ್ಲಿ ಇನ್ನೊಂದಿಲ್ಲ. ಚಪ್ಪಲಿ ಕಥೆ ಮೇಲೆ ಹೇಳಿದ್ದೇನೆ, ಮರೆಯಬೇಡಿ.

ಮತ್ತೂರಿನಲ್ಲಿ ಎಲ್ಲರೂ ಸಂಸ್ಕೃತ ಮಾತಾಡುತ್ತಾರಂತೆ, ನಿಜವಾ?

ಬಹಳ ಜನ ಮಾತಾಡುತ್ತಾರೆ, 1980ರ ದಶಕದಿಂದ ಶುರುವಾದ ಪ್ರಯತ್ನ ಅದು. ಅಲ್ಲಿನ ಸಂಕೇತಿ ಸಮುದಾಯದವರ ಮನೆಮಾತು ಸಂಕೇತಿ, ಕನ್ನಡವಂತೂ ಇದ್ದೇ ಇದೆ. ಹೊಳೆಯ ಆಚೆ ದಡದಲ್ಲಿ ಹೊಸಹಳ್ಳಿ, ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ಹೆಸರಾದ ಊರು. ಹೋಗಿ, ಅಡಿಕೆ ತೋಟ, ಹೊಳೆ ದಡ ನೋಡಿಕೊಂಡು ಬನ್ನಿ. ಆದರೆ ಅದು ಜನ ಬದುಕುವ ಊರು, ಪ್ರದರ್ಶನ ಅಲ್ಲ. ಜಗಲಿ ಮೇಲೆ ಕೂತ ಅಜ್ಜನ ಮುಂದೆ ಮೊಬೈಲ್ ಹಿಡಿದು ‘ಸಂಸ್ಕೃತದಲ್ಲಿ ಏನಾದರೂ ಹೇಳಿ’ ಅನ್ನುವವರನ್ನು ಕಂಡರೆ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಮಳೆ ಹಿಡಿದುಕೊಂಡರೆ ಏನು ಮಾಡುವುದು?

ಕೋಟೆ ಬೀದಿಯ ಶಿವಪ್ಪ ನಾಯಕ ಅರಮನೆಗೆ ಹೋಗಿ. ಬೀಟೆ ಮರದ ಕಂಬಗಳು, ಎರಡು ಅಂತಸ್ತು, ಒಳಗೆ ಸರ್ಕಾರಿ ವಸ್ತುಸಂಗ್ರಹಾಲಯ. ಹೆಸರು 17ನೇ ಶತಮಾನದ ಕೆಳದಿಯ ದೊರೆಯದು, ಈಗಿರುವ ಕಟ್ಟಡ ಹೈದರಾಲಿಯ ಕಾಲದ್ದು ಅನ್ನುವವರೂ ಇದ್ದಾರೆ. ಅಂಗಳದಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳಿವೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಸ್ವರ್ಗ. ಚಿತ್ರಕಥೆ ಓದಿದ ಹಾಗೆ ಮಕ್ಕಳು ಓದುತ್ತಾರೆ. ಅಲ್ಲೇ ಹತ್ತಿರ ಕೋಟೆ ಆಂಜನೇಯ ದೇವಸ್ಥಾನ, ಅದರ ಪಕ್ಕ ಹೊಳೆ.

ಜೋಗ ಅದೇ ದಿನ ಮುಗಿಸಬಹುದಾ?

ಯಾವುದರ ಜೊತೆ? ಸಕ್ರೆಬೈಲಿನ ಜೊತೆ ಅಂದರೆ, ಇಲ್ಲ. ಜೋಗ ಸುಮಾರು 100 ಕಿಲೋಮೀಟರ್, ಅದಕ್ಕೇ ಒಂದು ದಿನ ಇಡಿ. 253 ಮೀಟರ್ ಎತ್ತರದಿಂದ ಶರಾವತಿ ಬೀಳುವುದು ನೋಡಬೇಕೆಂದರೆ ಜುಲೈನಿಂದ ಅಕ್ಟೋಬರ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಬೇಸಿಗೆಯಲ್ಲಿ ಬಂಡೆಯ ಮೇಲೆ ನೀರಿನ ಗೆರೆಗಳಷ್ಟೇ ಕಾಣುವುದು. ಮಳೆಗಾಲದಲ್ಲಿ ಮಂಜು ಮುಚ್ಚಿದರೆ ಅರ್ಧ ಗಂಟೆ ಕಾಯಿರಿ, ಸರಿಯುತ್ತದೆ. ‘ಸಿನಿಮಾ ಪರದೆ ತೆಗೆದ ಹಾಗೆ’ ಅಂದಿದ್ದ ನಮ್ಮ ಮಗ.

ರೈಲಿನಲ್ಲಿ ತಾಳಗುಪ್ಪದ ತನಕ ಹೋಗಿ ಅಲ್ಲಿಂದ ಜೋಗಕ್ಕೆ ಹೋಗುವುದು ಮಕ್ಕಳಿಗೆ ಖುಷಿ. ಸಿಗಂದೂರಿಗೂ ಹೋಗುವ ಯೋಚನೆ ಇದ್ದರೆ, ಬಸ್ಸು ಸಮೇತ ಲಾಂಚ್ ಮೇಲೆ ಹಿನ್ನೀರು ದಾಟುವ ಮಜಾ ನೆನೆಸಿಕೊಂಡು ಬರಬೇಡಿ. 2025ರ ಜುಲೈ 14ರಂದು ಸೇತುವೆ ಉದ್ಘಾಟನೆ ಆಗಿದೆ. ಅಲ್ಲಿನ ಊರವರಿಗೆ ಎಷ್ಟೋ ವರ್ಷದ ಕಷ್ಟ ತಪ್ಪಿತು. ನಮಗೆ ಮಾತ್ರ ಲಾಂಚು ಹೋಯಿತಲ್ಲ ಅನ್ನುವ ಬೇಜಾರು, ಅದು ಸ್ವಾರ್ಥ ಅಂತ ಗೊತ್ತು.

ಮಕ್ಕಳ ಜೊತೆ ಚಾರಣಕ್ಕೆ?

ಕವಲೇದುರ್ಗ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಗದ್ದೆ ಬದಿಯಿಂದ ಶುರುವಾಗಿ ಕಲ್ಲು ಹಾಸಿದ ದಾರಿಯಲ್ಲೇ ಕೋಟೆ ಹತ್ತುವುದು. ಏಳೆಂಟು ವರ್ಷದವರು ಆರಾಮಾಗಿ ಹತ್ತುತ್ತಾರೆ. ಕಲ್ಲು ಒದ್ದೆಯಾದರೆ ಜಾರುತ್ತದೆ, ನವೆಂಬರ್ ಮೇಲೆ ಹೋಗಿ.

ಇಂಬಳ, ಮಂಗನ ಕಾಯಿಲೆ ಬಗ್ಗೆ ಹೆದರಬೇಕಾ?

ಇಂಬಳಕ್ಕೆ ಹೆದರಬೇಡಿ. ಮಳೆಗಾಲದಲ್ಲಿ ಕಾಡಂಚಿಗೆ ಹೋದರೆ ಹತ್ತುತ್ತವೆ. ಉಪ್ಪು ಹಾಕಿದರೆ ಬಿದ್ದುಹೋಗುತ್ತವೆ. ಸ್ವಲ್ಪ ರಕ್ತ ಜಾಸ್ತಿ ಹೊತ್ತು ಜಿನುಗುತ್ತದೆ, ಅಷ್ಟೇ. ಪುಟ್ಟ ಡಬ್ಬಿಯಲ್ಲಿ ಉಪ್ಪು ಇಟ್ಟುಕೊಳ್ಳಿ.

ಮಂಗನ ಕಾಯಿಲೆ ಬೇರೆ ವಿಷಯ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಹರಡುವುದು ಉಣ್ಣೆ ಕಚ್ಚುವುದರಿಂದ. ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ, ಅಂದರೆ ಚಾರಣಕ್ಕೆ ಚೆಂದ ಇರುವ ತಿಂಗಳುಗಳಲ್ಲೇ. ರಸ್ತೆ, ಬಿಡಾರ, ಡ್ಯಾಂ ಇಂಥ ಕಡೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಾಡಿನೊಳಗೆ, ತರಗೆಲೆ ಮೇಲೆ ಓಡಾಡುವುದಿದ್ದರೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟು, ಸಾಕ್ಸು ಹಾಕಿಸಿ. ಆರೋಗ್ಯ ಇಲಾಖೆಯವರು ಕಾಡಂಚಿನ ಊರುಗಳಲ್ಲಿ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಳ್ಳಲು. ಆ ಕಾಲದಲ್ಲಿ ತರಗೆಲೆ ಮೇಲೆ ಚಾಪೆ ಹಾಸಿ ಕೂರಬೇಡಿ. ವಾಪಸ್ ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಊರಿಗೆ ಹೋದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಲೇಬೇಕು.

ವಯಸ್ಸಾದವರನ್ನು ಕರೆದುಕೊಂಡು ಬಂದರೆ?

ಹೊಳೆ ಪಕ್ಕದ ದಾರಿ, ಅರಮನೆಯ ಅಂಗಳ, ಕೂಡ್ಲಿ. ಸಕ್ರೆಬೈಲಿನಲ್ಲಿ ನೆಲ ಒದ್ದೆ, ಕೋಲು ಹಿಡಿದವರಿಗೆ ಸ್ವಲ್ಪ ಕಷ್ಟ. ಜೋಗದಲ್ಲಿ ಕೆಳಗಿಳಿಯುವ ಸಾವಿರಕ್ಕೂ ಜಾಸ್ತಿ ಮೆಟ್ಟಿಲು ಅವರಿಗೆ ಬೇಡವೇ ಬೇಡ, ಮೇಲೆ ನಿಂತೇ ಎಲ್ಲ ಕಾಣುತ್ತದೆ. ನಮ್ಮ ಅತ್ತೆಗೆ ಮೊಣಕಾಲು ನೋವು. ಸೇತುವೆ ಹತ್ತಿರ ಕಾರು ನಿಲ್ಲಿಸಿ ಕಿಟಕಿ ಇಳಿಸಿದರೆ ಸಾಕು ಅವರಿಗೆ, ಅರ್ಧ ಗಂಟೆ ಹೊಳೆ ನೋಡುತ್ತಾ ಯಾರ ಜೊತೆಯೂ ಮಾತಾಡುವುದಿಲ್ಲ.

ಸ್ವಂತ ಗಾಡಿ ಇಲ್ಲದೆ ಓಡಾಡಲು ಆಗುತ್ತದಾ?

ಆಗುತ್ತದೆ. ಬೆಂಗಳೂರಿನಿಂದ ಜನ ಶತಾಬ್ದಿ ಇದೆ, ರಾತ್ರಿ ರೈಲಿದೆ. 2023ರ ಫೆಬ್ರವರಿಯಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಆಯಿತು. ತೀರ್ಥಹಳ್ಳಿ ರಸ್ತೆಯಲ್ಲಿ ಬಸ್ಸಿಗೆ ಬರ ಇಲ್ಲ, ಕಂಡಕ್ಟರಿಗೆ ‘ಆನೆ ಬಿಡಾರ’ ಅಂದರೆ ಇಳಿಸುತ್ತಾರೆ. ಆದರೆ ಇಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹೆಂಗಸರಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ ಮಾತ್ರ, ಹತ್ತುವ ಮೊದಲು ಬೋರ್ಡು ನೋಡಿ. ಕೂಡ್ಲಿ, ಮತ್ತೂರಿಗೆ ಆಟೋ ಮಾಡಿಕೊಳ್ಳಿ, ಕಾದು ವಾಪಸ್ ಕರೆತರುವ ಹಾಗೆ ಮೊದಲೇ ರೇಟು ಮಾತಾಡಿ.

ಊಟಕ್ಕೇನು ಮಾಡುವುದು?

ಬೆಳಿಗ್ಗೆ ಬುತ್ತಿ ಕಟ್ಟಿ. ಚಿತ್ರಾನ್ನ, ಮೊಸರನ್ನ, ಮಿಡಿ ಉಪ್ಪಿನಕಾಯಿ ಇದ್ದರೆ ಮಕ್ಕಳು ಹಟ ಮಾಡುವುದಿಲ್ಲ. ಮಂಗಗಳ ಎದುರು ಡಬ್ಬಿ ತೆರೆಯಬೇಡಿ. ಪ್ಲಾಸ್ಟಿಕ್ ಚೀಲ ಸದ್ದು ಮಾಡಿದರೆ ಅವಕ್ಕೆ ಊಟದ ಗಂಟೆ ಹೊಡೆದ ಹಾಗೆ. ಹೋಟೆಲಿನಲ್ಲಿ ಅಕ್ಕಿ ರೊಟ್ಟಿ ಸಿಕ್ಕಿದರೆ ಬಿಡಬೇಡಿ. ಸಂಜೆ ಹೊಳೆಯಿಂದ ಬರುವಾಗ ಗಾಡಿಯ ಹತ್ತಿರ ನಿಂತು ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಿನ್ನಿ. ಖಾರ ಕಡಿಮೆ ಹಾಕಿ ಅಂತ ಮಕ್ಕಳ ಪರವಾಗಿ ಮೊದಲೇ ಹೇಳಿ, ಆಮೇಲೆ ಹೇಳಿದರೆ ಕಲಸಿ ಆಗಿರುತ್ತದೆ.

ಜಾತ್ರೆ, ಹಬ್ಬಕ್ಕೆ ಸರಿಯಾಗಿ ಬರಬೇಕಾ, ತಪ್ಪಿಸಿಕೊಂಡು ಬರಬೇಕಾ?

ನಿಮ್ಮ ಮಕ್ಕಳ ಮೇಲೆ ಹೋಗುತ್ತದೆ. ಗುಡ್ಡೇಕಲ್ಲಿನ ಆಡಿ ಕೃತ್ತಿಕೆ ಜಾತ್ರೆ ಜುಲೈ-ಆಗಸ್ಟ್‌ನಲ್ಲಿ ಬರುತ್ತದೆ, ಕಾವಡಿ ಹೊತ್ತವರ ‘ಹರೋಹರ’ ಕೂಗು ದೂರಕ್ಕೇ ಕೇಳುತ್ತದೆ. ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಆಗ ಗಾಂಧಿ ಬಜಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ತೆಪ್ಪೋತ್ಸವ ಮಾತ್ರ ಒಮ್ಮೆಯಾದರೂ ತೋರಿಸಿ. ಕತ್ತಲಲ್ಲಿ ದೀಪ ಹೊತ್ತ ತೆಪ್ಪ ತುಂಗೆಯ ಮೇಲೆ ಬರುತ್ತದೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಳ್ಳಿ. ಅಂಥ ಗಲಾಟೆಯಲ್ಲಿ ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇರಲಿ.

ನಮಗಿರುವುದು ಒಂದೇ ಬೆಳಿಗ್ಗೆ. ಮಧ್ಯಾಹ್ನಕ್ಕೆ ರೈಲು. ಏನು ನೋಡಲಿ?

ಎಂಟೂವರೆಗೆ ಸಕ್ರೆಬೈಲು. ಹತ್ತಕ್ಕೆ ಅಲ್ಲಿಂದ ಹೊರಟು ದಾರಿಯಲ್ಲಿ ಗಾಜನೂರಿನಲ್ಲಿ ಹತ್ತು ನಿಮಿಷ. ಹನ್ನೊಂದಕ್ಕೆ ಸೇತುವೆ ಹತ್ತಿರ ನಿಂತು ಮಂಟಪ ನೋಡಿ. ಮುಳುಗಿದ್ದರೆ ನನಗೊಂದು ಫೋನ್ ಮಾಡಿ, ಮಾವನನ್ನು ಕರೆದುಕೊಂಡು ಬರುತ್ತೇನೆ.